ಕಾಯುವಿಕೆಯ ಬೆಲೆ: ಹಳೆಯ ಮಾಲ್ಟ್ ವಿಸ್ಕಿಯಿಂದ ಒಂದು ಲೆಕ್ಕದ ಪಾಠ



ಅಡಿಕೆ, ಕಾಫಿ ಬೆಳೆಯುವವರ ಪತ್ರಿಕೆಯಲ್ಲಿ ವಿಸ್ಕಿಯ ಮಾತೇಕೆ ಎಂದು ಕೆಲವರಿಗೆ ಅನಿಸೀತು. ಕುಡಿತದ ಪ್ರಚಾರ ಇಲ್ಲಿನ ಉದ್ದೇಶವಲ್ಲ. ಮಾಲನ್ನು ವರ್ಷಗಟ್ಟಲೆ ಇಟ್ಟು ಮಾರಿದರೆ ಎಷ್ಟು ನಷ್ಟ, ಎಷ್ಟು ಲಾಭ ಎಂಬ ಲೆಕ್ಕ ಆ ಉದ್ಯಮದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ಹಳೆಯದಾದರೆ ದರ ತಾನಾಗಿ ಏರುತ್ತದೆ’ ಎಂದು ನಂಬಿ, ಸಾಲ ಹೊತ್ತುಕೊಂಡೇ ಮಾಲು ಕಟ್ಟಿಡುವ ಸದಸ್ಯರು ಇದನ್ನು ತಿಳಿಯುವುದು ಒಳ್ಳೆಯದು.

ಸಿಂಗಲ್ ಮಾಲ್ಟ್ ಎಂದರೇನು?

ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದ ವಿಸ್ಕಿಗೆ ಈ ಹೆಸರು. ಸ್ಕಾಟ್ಲೆಂಡಿನ ಕಾನೂನಿನಂತೆ ಅದನ್ನು 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಇಡಬೇಕು. ಬಟ್ಟಿಯಿಂದ ಇಳಿದಾಗ ಅದು ನೀರಿನಂತೆ ತಿಳಿಯಾಗಿರುತ್ತದೆ. ಪರಿಮಳದ ದೊಡ್ಡ ಪಾಲು ಮರದಿಂದ ಬರುತ್ತದೆ. ಸೀಸೆಗೆ ತುಂಬಿದ ಮೇಲೆ ವಯಸ್ಸು ಏರುವುದಿಲ್ಲ.

ಆವಿಯಾಗುವ ಪಾಲು

ಪೀಪಾಯಿಯ ಮರ ಉಸಿರಾಡುತ್ತದೆ. ಒಳಗಿನದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ. ಇದಕ್ಕೆ ಅಲ್ಲಿಯವರು ‘ದೇವತೆಗಳ ಪಾಲು’ ಎನ್ನುತ್ತಾರೆ. ತಂಪು ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು ಶೇಕಡಾ 2. ಬೆಂಗಳೂರಿನ ಬಿಸಿ ಹವೆಯಲ್ಲಿ ಸುಮಾರು ಶೇಕಡಾ 10, ಕೆಲವೊಮ್ಮೆ ಇನ್ನೂ ಹೆಚ್ಚು. 200 ಲೀಟರ್ ತುಂಬಿಟ್ಟರೆ ಉಳಿಯುವುದೆಷ್ಟು, ನೋಡಿ:

8 ವರ್ಷಕ್ಕೆ: ಅಲ್ಲಿ 170 ಲೀಟರ್, ಇಲ್ಲಿ 86 ಲೀಟರ್.
12 ವರ್ಷಕ್ಕೆ: ಅಲ್ಲಿ 157 ಲೀಟರ್, ಇಲ್ಲಿ 56 ಲೀಟರ್.

1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. 2013ರಲ್ಲಿ 8 ವರ್ಷದ್ದೊಂದನ್ನು ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವತೆಗಳು, ಎಂಬ ಹೆಸರಿನಲ್ಲಿ ಹೊರತಂದಿತು. ಬಂದದ್ದು 144 ಸೀಸೆ ಮಾತ್ರ. ಬಿಸಿ ಹವೆಯಲ್ಲಿ ಮಾಲು ಬೇಗ ಹದಕ್ಕೆ ಬರುತ್ತದೆ, ಅಷ್ಟೇ ಬೇಗ ಕರಗುತ್ತದೆ. ಹದ ಮೀರಿದರೆ ಮರದ ಒಗರು ರುಚಿಯನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ಪೀಪಾಯಿಗಳನ್ನು ಆಗಾಗ ಪರೀಕ್ಷಿಸುತ್ತಲೇ ಇರಬೇಕು.

ದಾಖಲೆಯೇ ಬೆಲೆ

ಇನ್ನೊಂದು ನಿಯಮ ಗಮನಾರ್ಹ. ಸ್ಕಾಚ್ ಸೀಸೆಯ ಮೇಲೆ ಬರೆಯುವ ವಯಸ್ಸು, ಬೆರೆಸಿದವುಗಳಲ್ಲಿ ಅತಿ ಎಳೆಯದರ ವಯಸ್ಸು. 12 ವರ್ಷದ್ದಕ್ಕೆ 5 ವರ್ಷದ್ದನ್ನು ಒಂದು ಲೋಟ ಸೇರಿಸಿದರೂ ಅದು 5 ವರ್ಷದ್ದೇ. ಕೊಳ್ಳುವವನು ಹಣ ಕೊಡುವುದು ಈ ನಂಬಿಕೆಗೆ.

ನಮ್ಮ ಮಾಲಿನ ಮಾತು

ಚಾಲಿ ಅಡಿಕೆಯಲ್ಲಿ ಹೊಸತು, ಹಳತು, ಡಬಲ್ ಚೋಲ್ ಎಂಬ ಭೇದ ನಮಗೆ ಗೊತ್ತೇ ಇದೆ. ಹಳತಕ್ಕೆ ಸಾಮಾನ್ಯವಾಗಿ ದರ ಹೆಚ್ಚು. ಕಾಫಿಯ ಸಂಗತಿ ಬೇರೆ. ಗೋಣಿಯಲ್ಲಿ ಸುಮ್ಮನೆ ಹಳತಾದ ಬೀಜ ಪರಿಮಳ ಕಳೆದುಕೊಳ್ಳುತ್ತದೆ. ಮಾನ್ಸೂನ್ಡ್ ಮಲಬಾರ್ ಕಾಫಿಯನ್ನು ಕರಾವಳಿಯ ಮಳೆಗಾಲದ ತೇವದ ಗಾಳಿಗೆ ಹರಡಿ, ಕೈಯಾಡಿಸಿ ಸಿದ್ಧಪಡಿಸುತ್ತಾರೆ. ಅದು ಸಂಸ್ಕರಣೆ, ಬರಿಯ ದಾಸ್ತಾನಲ್ಲ.

ಈಗ ಅಡಿಕೆಯ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಕಿಲೋಗೆ 100 ರೂ. ದರವಿದ್ದಾಗ 100 ಕಿಲೋ ಹೊಸ ಚಾಲಿ ಮಾರದೆ ಇಟ್ಟಿರಿ. ಮಾಲಿನ ಬೆಲೆ 10,000 ರೂ. ವರ್ಷದ ಬಡ್ಡಿ ಶೇಕಡಾ 9ರಂತೆ 900 ರೂ. ಗೋಣಿ, ಗೋದಾಮು ಇತ್ಯಾದಿ 200 ರೂ. ಒಟ್ಟು 11,100 ರೂ. ತೂಕದಲ್ಲಿ 3 ಕಿಲೋ ಕಡಿಮೆಯಾದರೆ ಉಳಿದದ್ದು 97 ಕಿಲೋ. ಆಗ ಕಿಲೋಗೆ ಸುಮಾರು 114 ರೂ. 50 ಪೈಸೆ ಸಿಕ್ಕರೆ ಮಾತ್ರ ಅಸಲು. ಹುಳ, ಬೂಷ್ಟು ತಗಲಿದರೆ ಈ ಲೆಕ್ಕವೂ ನಿಲ್ಲದು.

ನೆನಪಿಡಬೇಕಾದ ಅಂಶಗಳು

1. ಇಡುವ ಮೊದಲು ಅಸಲಿನ ದರ ಬರೆದಿಟ್ಟುಕೊಳ್ಳಿ. ಸಾಲ ತಂದು ಇಡುವವರಿಗೆ ಇದು ಮೊದಲ ಕೆಲಸ.
2. ಪ್ರತಿ ಚೀಲಕ್ಕೂ ಕೊಯ್ಲಿನ ವರ್ಷ, ತೂಕ ಬರೆದ ಚೀಟಿ ಕಟ್ಟಿರಿ.
3. ಹಳತಕ್ಕೆ ಹೊಸತನ್ನು ಬೆರೆಸಬೇಡಿ. ಬೆರೆಸಿದ್ದು ಕಂಡರೆ ಇಡೀ ಚೀಲದ ದರ ಇಳಿಯುತ್ತದೆ.
4. ಎಲ್ಲವನ್ನೂ ಕಟ್ಟಿಡಬೇಡಿ. ಮನೆಖರ್ಚು, ಸಾಲದ ಕಂತಿಗೆ ಬೇಕಾದಷ್ಟನ್ನು ಮೊದಲೇ ಮಾರಿ, ಚೆನ್ನಾಗಿ ಒಣಗಿದ ಉತ್ತಮ ಮಾಲನ್ನು ಮಾತ್ರ ಇಡಿ.

ಅಭ್ಯಾಸ: ಮೇಲಿನ ಉದಾಹರಣೆಯಲ್ಲಿ ಬಡ್ಡಿ ಶೇಕಡಾ 12 ಆದರೆ ಅಸಲಿನ ದರವೆಷ್ಟು? ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿ; ನಂತರ ನಿಮ್ಮದೇ ಅಂಕಿಗಳನ್ನು ಹಾಕಿ ನೋಡಿ.