ಮುಖಗವಸು: ಹಕ್ಕಿನ ಮಾತೂ ಮರ್ಯಾದೆಯ ಮಾತೂ

2024ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಚರ್ಚಾಕೂಟಕ್ಕೆ "ಸಾಂಕ್ರಾಮಿಕ ರೋಗದ ಕಾಲದಲ್ಲಿ ಮುಖಗವಸು ಧರಿಸುವುದು ವ್ಯಕ್ತಿಯ ಇಚ್ಛೆಗೆ ಬಿಟ್ಟ ಸಂಗತಿಯಾಗಿರಬೇಕು" ಎಂಬ ವಿಷಯವನ್ನು ಇಟ್ಟಿದ್ದರು. ಅದರ ಪರವಾಗಿ ಮಾತನಾಡಿದವರಲ್ಲಿ ನಾನೂ ಒಬ್ಬ. ಎರಡನೆಯ ಬಹುಮಾನವೂ ಬಂದಿತು. ಆ ಬಹುಮಾನವನ್ನು ತಂದುಕೊಟ್ಟ ವಾದವು ಅರ್ಧ ಸತ್ಯವೆಂಬುದು ಈಗ ನನಗೆ ಮನದಟ್ಟಾಗಿದೆ. ಬಹುಮಾನದ ಪುಸ್ತಕವನ್ನು ಹಿಂದಿರುಗಿಸುವ ಯೋಚನೆ ನನಗಿಲ್ಲ. ವಾದವನ್ನಾದರೂ ಹಿಂತೆಗೆದುಕೊಳ್ಳುವುದು ನ್ಯಾಯವೆಂದು ತೋರಿ ಈ ಲೇಖನವನ್ನು ಬರೆದಿದ್ದೇನೆ.

ನನ್ನ ವಾದದ ತಿರುಳು ಹೀಗಿತ್ತು. ನನ್ನ ಮುಖ ನನ್ನದು, ನನ್ನ ಉಸಿರು ನನ್ನದು. ಇವುಗಳಿಗೆ ಬಟ್ಟೆ ಕಟ್ಟೆಂದು ಹೇಳಲು ಸರಕಾರಕ್ಕಾಗಲಿ ನೆರೆಯವನಿಗಾಗಲಿ ಅಧಿಕಾರವಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ಓದಿದ ಜಾನ್ ಸ್ಟೂಅರ್ಟ್ ಮಿಲ್ಲನನ್ನು ಬೆಂಬಲಕ್ಕೆ ಕರೆದೆ. 1859ರಲ್ಲಿ ಅವನು ಪ್ರಕಟಿಸಿದ ಸ್ವಾತಂತ್ರ್ಯವನ್ನು ಕುರಿತ ಗ್ರಂಥದಲ್ಲಿ, ತನ್ನ ದೇಹದ ವಿಷಯದಲ್ಲಿ ವ್ಯಕ್ತಿಗೆ ಪೂರ್ಣಾಧಿಕಾರ ಉಂಟೆಂಬ ವಾದವಿದೆಯಷ್ಟೆ. ಇದಕ್ಕೆ ಮೇಲಾಗಿ, ಆರೋಗ್ಯವಂತರಿಗೆ ಮುಖಗವಸಿನ ಅಗತ್ಯವಿಲ್ಲವೆಂದು 2020ರ ಮೊದಲ ತಿಂಗಳುಗಳಲ್ಲಿ ಹೇಳುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯೇ ಅದೇ ವರ್ಷದ ಜೂನ್ 5ರಂದು, ರೋಗ ಹರಡುತ್ತಿರುವ ಕಡೆ ಜನಸಾಮಾನ್ಯರೂ ಬಟ್ಟೆಯ ಗವಸನ್ನು ಧರಿಸುವುದು ಒಳ್ಳೆಯದೆಂದಿತು. ತಜ್ಞರೇ ಮಾತು ಬದಲಿಸುವಾಗ ಸಾಮಾನ್ಯನು ತನ್ನ ವಿವೇಚನೆಯನ್ನೇ ನಂಬಬಾರದೇಕೆ ಎಂದು ಕೇಳಿದೆ. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಿದ್ದಿತು.

ಹದಿನೈದು ದಿನವೂ ಕಳೆದಿರಲಿಲ್ಲ. ತುಮಕೂರಿನಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ನೆಗಡಿ ಹಿಡಿದು ಮೂರು ದಿನವಾಗಿತ್ತು. ಎರಡು ನಿಮಿಷಕ್ಕೊಮ್ಮೆ ಕೆಮ್ಮು. ಪಕ್ಕದಲ್ಲಿ ಒಬ್ಬ ಹೆಂಗಸು, ಅವರ ತೊಡೆಯ ಮೇಲೆ ನಾಲ್ಕೈದು ವರ್ಷದ ಮಗು. ಮಗುವಿನ ತಲೆಯಲ್ಲಿ ಕೂದಲಿರಲಿಲ್ಲ. ಬಾಯಿಗೆ ಮಾಸ್ಕು ಕಟ್ಟಿದ್ದರು. ಗುಬ್ಬಿ ದಾಟಿದ ಮೇಲೆ ಆಕೆ ಬಹಳ ಸಂಕೋಚದಿಂದ, "ಅಣ್ಣಾ, ಒಂಚೂರು ಬಾಯಿಗೆ ಕರ್ಚೀಫಾದ್ರೂ ಅಡ್ಡ ಹಿಡ್ಕೊಳ್ತೀರಾ? ಮಗೀಗೆ ರಕ್ತದ ಕಾಯಿಲೆ. ನೆಗಡಿಗಿಗಡಿ ತಗಲದಂಗೆ ನೋಡ್ಕೊಳ್ಳಿ ಅಂದವ್ರೆ ಡಾಕ್ಟ್ರು" ಎಂದರು. ನಾನು, "ಈಗ ಅಂಥ ರೂಲ್ಸ್ ಏನೂ ಇಲ್ಲಮ್ಮ" ಎಂದೆ.

ಮಾತು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದೇ ಕೋವಿಡ್ ತುರ್ತುಪರಿಸ್ಥಿತಿಯನ್ನು ಕೊನೆಗಾಣಿಸಿತ್ತು. ಬಸ್ಸಿನಲ್ಲಿ ಮುಖಗವಸು ಕಡ್ಡಾಯವೆಂಬ ಆಜ್ಞೆಯೂ ಇರಲಿಲ್ಲ. ಆಕೆ ಮರುಮಾತಾಡಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಚೀಲವನ್ನು ಎತ್ತಿಕೊಂಡು ಮುಂದಕ್ಕೆ ಹೋಗಿ ಕಂಬಿ ಹಿಡಿದು ನಿಂತರು. ನಿಟ್ಟೂರು ಕಳೆಯಿತು. ಕೆ. ಬಿ. ಕ್ರಾಸಿನಲ್ಲಿ ಇಳಿಯುವವರೆಗೂ ನಿಂತೇ ಇದ್ದರು. ನನ್ನ ಪಕ್ಕದ ಸೀಟು ಖಾಲಿಯಾಗಿಯೇ ಇತ್ತು. ನನ್ನ ಜೇಬಿನಲ್ಲಿ ಕರ್ಚೀಫು ಇತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಮನೆಗೆ ಬಂದು ಮಿಲ್ಲನನ್ನು ಮತ್ತೆ ಬಿಚ್ಚಿದೆ. ನಾನು ಅವನ ಅರ್ಧವನ್ನು ಮಾತ್ರ ಸಭೆಗೆ ಕೊಂಡೊಯ್ದಿದ್ದೆ. ಇತರರಿಗೆ ಹಾನಿಯಾಗುವ ಕಡೆ ಸಮಾಜವು ವ್ಯಕ್ತಿಯನ್ನು ತಡೆಯಬಹುದೆಂಬುದು ಅದೇ ವಾದದ ಇನ್ನೊಂದು ಮಗ್ಗುಲು. ನಮ್ಮ ಸಂವಿಧಾನದ 19ನೆಯ ವಿಧಿಯೂ ಸ್ವಾತಂತ್ರ್ಯಗಳನ್ನು ಕೊಟ್ಟು, ಅವುಗಳ ಬೆನ್ನಿಗೇ ಯುಕ್ತವಾದ ನಿರ್ಬಂಧಗಳಿಗೂ ಎಡೆಮಾಡಿದೆ. ಉಸಿರು ಎಲ್ಲಿಯವರೆಗೆ ನನ್ನದು ಎಂಬುದೇ ಪ್ರಶ್ನೆ. ಕೆಮ್ಮಿದಾಗ ಮಾತ್ರವಲ್ಲ, ಮಾತನಾಡುವಾಗಲೂ ಬಾಯಿಂದ ಕಣ್ಣಿಗೆ ಕಾಣದ ಹನಿಗಳು ಹೊರಡುತ್ತವೆ. ಹೊರಟ ಕ್ಷಣದಲ್ಲಿ ಅವು ಒದ್ದೆಯಾಗಿ, ದೊಡ್ಡವಾಗಿರುತ್ತವೆ. ಗಾಳಿಯಲ್ಲಿ ತೇವವಾರಿ ಬೇಗನೆ ಕುಗ್ಗುತ್ತವೆ. ಕುಗ್ಗಿದುದನ್ನು ಇನ್ನೊಬ್ಬನ ಮೂಗಿನ ಬಳಿ ತಡೆಯುವುದಕ್ಕಿಂತ ಹೊರಡುವ ಬಾಯಿಯಲ್ಲಿಯೇ ತಡೆಯುವುದು ಸುಲಭ. ಸಾಧಾರಣ ಬಟ್ಟೆಯ ಗವಸಿನ ಪ್ರಯೋಜನವು ಕಟ್ಟಿಕೊಂಡವನಿಗಿಂತ ಎದುರಿನವನಿಗೆ ಹೆಚ್ಚೆಂದು ಹೇಳುವುದು ಇದರಿಂದಲೇ. ವೈದ್ಯರು ಧರಿಸುವ ಎನ್-95 ಎಂಬ ಬಿಗಿಯಾದ ಗವಸಿನ ಮಾತು ಬೇರೆ; ಅದು ಧರಿಸಿದವನನ್ನೂ ಚೆನ್ನಾಗಿ ಕಾಪಾಡುತ್ತದೆ. ಕೋವಿಡಿನಲ್ಲಿ ಇನ್ನೊಂದು ತೊಡಕು ಉಂಟು. ಜ್ವರವಾಗಲಿ ಕೆಮ್ಮಾಗಲಿ ತಲೆದೋರುವ ಒಂದೆರಡು ದಿನ ಮೊದಲೇ ರೋಗಿಯಿಂದ ಸೋಂಕು ಹರಡಬಲ್ಲದು. "ನಾನು ಚೆನ್ನಾಗಿದ್ದೇನೆ" ಎಂದು ಹೇಳುವವನು ಸುಳ್ಳುಗಾರನಲ್ಲ; ಅವನಿಗೆ ತಿಳಿದಿರುವುದಿಲ್ಲ, ಅಷ್ಟೆ.

ಈ ಜಗಳ ನಮ್ಮ ಕಾಲದಲ್ಲಿಯೇ ಹುಟ್ಟಿತೆಂದು ತಿಳಿದಿದ್ದ ನನಗೆ, ನೂರು ವರ್ಷಗಳ ಹಿಂದೆಯೇ ಇದು ಹೆಚ್ಚು ಕಡಮೆ ಇದೇ ರೂಪದಲ್ಲಿ ನಡೆದಿತ್ತೆಂದು ಓದಿ ಆಶ್ಚರ್ಯವಾಯಿತು. ಇಂಡಿಯಾ ಒಂದರಲ್ಲಿಯೇ ಕೋಟಿಗೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡ 1918ರ ಇನ್‌ಫ್ಲುಯೆಂಜ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ಕಾಲಿಟ್ಟಾಗ, ಆ ನಗರದವರು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಖಗವಸನ್ನು ಕಡ್ಡಾಯಮಾಡಿದರು. ಆಗ ಮಹಾಯುದ್ಧ ನಡೆಯುತ್ತಿತ್ತು; ಗವಸು ಕಟ್ಟದವನನ್ನು ಯುದ್ಧಕ್ಕೆ ಬೆನ್ನು ತೋರಿದ ಕರ್ತವ್ಯಗಳ್ಳನ ಸಾಲಿಗೆ ಸೇರಿಸಿ ಹೀಯಾಳಿಸಿದರು. ಪೊಲೀಸರು ಹಿಡಿದರು, ದಂಡ ಹಾಕಿದರು. ವಿನೋದವೆಂದರೆ, ಮುಷ್ಟಿಯುದ್ಧದ ಪಂದ್ಯವನ್ನು ಗವಸಿಲ್ಲದೆ ನೋಡುತ್ತಿದ್ದ ನಗರಾಧ್ಯಕ್ಷ ರಾಲ್ಫನೇ 50 ಡಾಲರು ದಂಡ ತೆರಬೇಕಾಯಿತು. ಸಿಗಾರಿನ ಚಟದವರು ಗವಸಿಗೆ ತೂತು ಕೊರೆದುಕೊಂಡರಂತೆ! ನವೆಂಬರ್ 21ರ ನಡುಹಗಲಿಗೆ ಸರಿಯಾಗಿ ಸೀಟಿ ಮೊಳಗಿ ಆಜ್ಞೆ ರದ್ದಾಯಿತು. ಜನರು ಗವಸುಗಳನ್ನು ಬೀದಿಯಲ್ಲಿಯೇ ಕಿತ್ತೆಸೆದರು. ಕೆಲವು ವಾರಗಳಲ್ಲಿ ರೋಗ ಮರಳಿತು. 1919ರ ಜನವರಿ 17ರಿಂದ ಮತ್ತೆ ಗವಸು ಕಡ್ಡಾಯವಾದಾಗ ಜನರ ಸಹನೆ ತೀರಿತ್ತು. ‘ಮುಖಗವಸು ವಿರೋಧಿ ಸಂಘ’ವೊಂದು ಹುಟ್ಟಿತು, ಅದರ ಅಧ್ಯಕ್ಷೆ ಒಬ್ಬ ವಕೀಲೆ. ಜನವರಿ 25ರ ಅವರ ಸಭೆಗೆ ಸಾವಿರಾರು ಜನ ಸೇರಿದರು. ಫೆಬ್ರವರಿ 1ಕ್ಕೆ ಆಜ್ಞೆ ಹಿಂದೆ ಸರಿಯಿತು.

ಆ ಸಂಘದವರನ್ನು ನಾನು ಹಾಸ್ಯಮಾಡಲಾರೆ. ಅಂದಿನ ಗವಸುಗಳು ಬಹುಮಟ್ಟಿಗೆ ಜಾಳುಜಾಳಾದ ಗಾಜುಬಟ್ಟೆಯವು. ಅವುಗಳಿಂದ ನಿರೀಕ್ಷಿಸಿದಷ್ಟು ಫಲ ದೊರೆಯಲಿಲ್ಲವೆಂದು 1920ರಲ್ಲಿ ಪ್ರಯೋಗಮಾಡಿ ಬರೆದವನು ಕ್ಯಾಲಿಫೋರ್ನಿಯದ ಆರೋಗ್ಯ ಮಂಡಳಿಯ ಕೆಲಾಗನೇ. ಆದರೆ ನಾನು ಓದಿದ ವೃತ್ತಾಂತಗಳಲ್ಲಿ ದಂಡದ ಮಾತು, ದೇಶಪ್ರೇಮದ ಮಾತು, ಹಕ್ಕಿನ ಮಾತು ಹೇರಳವಾಗಿವೆ. ಪಕ್ಕದಲ್ಲಿ ಕುಳಿತವನ ಮಾತು ಕಡಮೆ.

ಇದಕ್ಕೂ ಹಿಂದಿನದೊಂದು ಪ್ರಸಂಗವನ್ನು ಬಿಡಲಾಗದು. 1910ರ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತು. ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ಮೂವತ್ತೊಂದು ವರ್ಷದ ವೈದ್ಯ ವೂ ಲಿಯೆನ್-ತೆ, ಇದು ಇಲಿಯಿಂದಲ್ಲ, ಉಸಿರಿನಿಂದ ಒಬ್ಬರಿಂದೊಬ್ಬರಿಗೆ ಹರಡುತ್ತಿದೆಯೆಂದು ಕಂಡು, ಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟ ಗವಸನ್ನು ಎಲ್ಲರೂ ಧರಿಸಬೇಕೆಂದನು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯನಿಗೆ ಈ ಚೀನೀ ಯುವಕನ ಮಾತು ರುಚಿಸಲಿಲ್ಲ. ಅವನು ಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದನು. 1911ರ ಜನವರಿಯಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡನು. ಅಲ್ಲಿ ಅಡ್ಡ ಬಂದುದು ಸ್ವಾತಂತ್ರ್ಯವಲ್ಲ, ಹಿರಿಮೆಯ ಭಾವನೆ. ಎರಡನ್ನೂ ಗುರುತಿಸಲಾರದಷ್ಟು ಸಮೀಪದಲ್ಲಿ ನಾವು ಇಟ್ಟುಕೊಂಡಿರುತ್ತೇವೆ.

ನಮ್ಮ ರಾಜ್ಯದಲ್ಲಿಯೂ ದಂಡದ ಪ್ರಯೋಗ ನಡೆಯಿತು. 2020ರ ಸೆಪ್ಟೆಂಬರ್ ಕೊನೆಯಲ್ಲಿ ನಗರಗಳಲ್ಲಿ 1000 ರೂಪಾಯಿಗೆ ಏರಿಸಿದ ದಂಡವನ್ನು, ಜನರು ಗೊಣಗಿದ ಮೇಲೆ ಒಂದು ವಾರದಲ್ಲಿಯೇ 250ಕ್ಕೆ, ಉಳಿದೆಡೆ 100ಕ್ಕೆ ಇಳಿಸಿದರು. ದಂಡದಿಂದ ಏನೂ ಆಗಲಿಲ್ಲವೆಂದಲ್ಲ. ಗವಸು ಗಲ್ಲದವರೆಗೆ ಬಂದಿತು. ಸರ್ಕಲ್ಲಿನಲ್ಲಿ ಪೊಲೀಸರ ಟೋಪಿ ಕಂಡೊಡನೆ ಮೂಗಿಗೇರುವುದು, ತಿರುವು ದಾಟಿದೊಡನೆ ಗಲ್ಲಕ್ಕಿಳಿಯುವುದು. ಕಾನೂನಿಗೆ ಮುಖ ತೋರಿಸಿದೆವು. ನೆರೆಯವನಿಗೆ ಕೆಮ್ಮನ್ನು ಕೊಟ್ಟೆವು.

ಕಾನೂನಿಗೆ ಕಾಣದ ಸೂಕ್ಷ್ಮಗಳೂ ಇವೆ. ನಾನು ಪಿಯುಸಿಯಲ್ಲಿದ್ದಾಗ ಕಿವಿ ಮಂದವಾಗಿದ್ದ ಗೆಳೆಯನೊಬ್ಬನು ಉಪಾಧ್ಯಾಯರ ತುಟಿ ನೋಡಿಯೇ ಪಾಠ ಗ್ರಹಿಸುತ್ತಿದ್ದನು. ಎಲ್ಲರೂ ಗವಸು ಕಟ್ಟಿದ ಮೇಲೆ ಅವನ ಪಾಲಿಗೆ ತರಗತಿಯೇ ಮುಚ್ಚಿದಂತಾಯಿತು. ನಮ್ಮ ಇತಿಹಾಸದ ಮೇಷ್ಟ್ರು ಇದನ್ನು ತಿಳಿದು, ಕಿಟಕಿಯ ಪಕ್ಕಕ್ಕೆ ಹೋಗಿ, ದೂರದಲ್ಲಿ ನಿಂತು, ಗವಸು ಇಳಿಸಿ ಮುಖ್ಯಾಂಶಗಳನ್ನು ಅವನಿಗಾಗಿ ಮತ್ತೊಮ್ಮೆ ಹೇಳುತ್ತಿದ್ದರು. ಅಂದಿನ ಆಜ್ಞೆಯ ಪ್ರಕಾರ ಅದು ತಪ್ಪು. ಮಗುವಿನ ಎದುರು ಬಾಯಿ ಮುಚ್ಚುವುದೂ ಆ ಗೆಳೆಯನ ಎದುರು ಬಾಯಿ ತೆರೆಯುವುದೂ ಒಂದೇ ಗುಣದ ಎರಡು ಕೆಲಸಗಳೆಂದು ನನಗೆ ತೋರುತ್ತದೆ. ಅದಕ್ಕೆ ನಮ್ಮಲ್ಲಿ ‘ಮರ್ಯಾದೆ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಆ ಪದಕ್ಕೆ ಎಲ್ಲೆ, ಗಡಿ ಎಂಬ ಅರ್ಥ ಮೊದಲು, ಸೌಜನ್ಯವೆಂಬುದು ಆಮೇಲೆ.

ಆದರೆ ಮರ್ಯಾದೆಯೆಂಬ ಮಾತನ್ನು ನಮ್ಮ ನಾಡಿನಲ್ಲಿ ಇಷ್ಟು ಸಲೀಸಾಗಿ ಆಡಿ ಮುಗಿಸಲಾಗದು. ಇದನ್ನು ನನಗೆ ಕಲಿಸಿದವರು ನನ್ನ ತಾತ. 2020ರಲ್ಲಿ ಅವರಿಗೆ ಎಪ್ಪತ್ತೆಂಟು ವರ್ಷ. ಊರಿನಲ್ಲಿ ಎಲ್ಲರೂ ಮಾಸ್ಕು ಕಟ್ಟಿದರೂ ಅವರು ಒಪ್ಪಲಿಲ್ಲ. ಮಿಲ್ಲನ ಹೆಸರನ್ನು ಅವರು ಕೇಳಿದವರಲ್ಲ. ಅವರು ಹುಡುಗರಾಗಿದ್ದಾಗ ನಮ್ಮ ಕೇರಿಯವರು ಊರಿನ ದೊಡ್ಡವರ ಜಗಲಿಯ ಮುಂದೆ ನಿಂತು ಮಾತನಾಡಬೇಕಾದರೆ, ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿ, ಬಾಯಿಗೆ ಕೈ ಅಡ್ಡವಿಟ್ಟುಕೊಳ್ಳಬೇಕಾಗಿತ್ತು. ನಮ್ಮ ಉಸಿರು ಅವರಿಗೆ ತಾಕಬಾರದು! ಅದಕ್ಕೂ ಮರ್ಯಾದೆ ಎಂದೇ ಹೆಸರು. ಸಂವಿಧಾನ ಬಂದು ಎಷ್ಟೋ ವರ್ಷಗಳಾದ ಮೇಲೂ ಆ ಕೈ ಬಾಯಿಂದ ಇಳಿದಿರಲಿಲ್ಲ. "ಈ ಬಾಯಿ ಮೇಲಿನ ಕೈ ತೆಗಿಯೋಕೆ ನಂಗೆ ಅರ್ಧ ಆಯುಸ್ಸು ಬೇಕಾಯ್ತು. ಈಗ ತಿರ್ಗಾ ಮುಚ್ಕೋ ಅಂತೀರೇನ್ರೋ?" ಎಂದು ಅವರು ಗದರಿಸಿದಾಗ ಮನೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಚರ್ಚಾಕೂಟದಲ್ಲಿ ನಾನು ಆಡಿದ ಯಾವ ಮಾತಿಗೂ ಆ ತೂಕವಿರಲಿಲ್ಲವೆಂದು ಈಗ ಅನಿಸುತ್ತದೆ.

ಅವರ ಮನಸ್ಸನ್ನು ತಿರುಗಿಸಿದವರು ನಮ್ಮೂರ ಆಶಾ ಕಾರ್ಯಕರ್ತೆ. ಮನೆಮನೆಗೂ ಜ್ವರ ವಿಚಾರಿಸುತ್ತಾ ಬರುತ್ತಿದ್ದ ಆಕೆ ಅಂಗಳದಲ್ಲಿಯೇ ನಿಂತು ಮಾತನಾಡುತ್ತಿದ್ದರು. ಒಂದು ದಿನವೂ ಬಾಯಿಂದ ಬಟ್ಟೆ ಇಳಿಸಿದವರಲ್ಲ. ತಾತ ಒಮ್ಮೆ, "ಏನವ್ವಾ, ನಮ್ಮ ಗಾಳಿ ತಾಕ್ತದೆ ಅಂತ ಹೆದ್ರಿಕೇನಾ?" ಎಂದು ಕೆಣಕಿದರು. ಆಕೆ, "ಅಲ್ಲ ತಾತ, ನಾನು ಇವತ್ತು ಇಪ್ಪತ್ತು ಮನೆ ಸುತ್ತಿ ಬಂದಿದೀನಿ. ನಂದು ನಿಮಗೆ ತಾಕ್ಬಾರ್ದು ಅಂತ ಕಟ್ಟಿರೋದು" ಎಂದರು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸರಕಾರದ ಕಡೆಯವರೊಬ್ಬರು ತಮ್ಮ ಎದುರು, ತಮ್ಮ ಸಲುವಾಗಿ ಬಾಯಿ ಮುಚ್ಚಿಕೊಂಡು ನಿಂತಿರುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ. ಮರುದಿನ ಆಕೆ ಕೊಟ್ಟ ನೀಲಿ ಬಟ್ಟೆಯ ಮಾಸ್ಕನ್ನು ತಾವಾಗಿಯೇ ಕಟ್ಟಿಕೊಂಡರು.

ಬಾಂಗ್ಲಾದೇಶದಲ್ಲಿ 2020ರ ಕೊನೆಯಿಂದ 2021ರವರೆಗೆ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಮಿಕ್ಕ ವಯಸ್ಕರ ನಡುವೆ ನಡೆದ ಒಂದು ದೊಡ್ಡ ಅಧ್ಯಯನವನ್ನು ಓದಿದಾಗ ನನಗೆ ನೆನಪಾದುದು ಈ ಅಂಗಳವೇ. ಅಲ್ಲಿ ಗವಸನ್ನು ಮನೆಬಾಗಿಲಿಗೆ ಪುಕ್ಕಟೆಯಾಗಿ ಕೊಟ್ಟರು. ಮಸೀದಿಯಲ್ಲಿ, ಸಂತೆಯಲ್ಲಿ ಎದುರು ನಿಂತು ನೆನಪಿಸಿದರು. ಊರಿನ ಮುಖಂಡರು ತಾವೇ ಧರಿಸಿ ತೋರಿಸಿದರು. ಧರಿಸುವವರ ಪ್ರಮಾಣ ನೂರಕ್ಕೆ 13ರಿಂದ 42ಕ್ಕೆ ಏರಿತು. ಫೋನಿಗೆ ಕಳಿಸಿದ ಸಂದೇಶಗಳಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ರೋಗದ ಇಳಿತ ಬೆರಗುಗೊಳಿಸುವಂಥದಲ್ಲ: ಲಕ್ಷಣಗಳೊಡನೆ ಸೋಂಕು ತಗಲಿದವರ ಸಂಖ್ಯೆ ನೂರಕ್ಕೆ ಸುಮಾರು 9ರಷ್ಟು ತಗ್ಗಿತು. ಆದರೆ ಶಸ್ತ್ರಚಿಕಿತ್ಸೆಯ ಗವಸು ಹಂಚಿದ ಹಳ್ಳಿಗಳಲ್ಲಿ ಅರುವತ್ತು ದಾಟಿದವರ ಪಾಲಿಗೆ ಇಳಿತ ಸುಮಾರು 35. ನನ್ನ ತಾತನಂಥವರ ಲೆಕ್ಕ ಅದು.

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಕೂಸನ್ನು ನೋಡಲು ತಾತನನ್ನು ಕರೆದೊಯ್ದೆ. ಅವರಿಗೆ ಸ್ವಲ್ಪ ಶೀತವಾಗಿತ್ತು. ಹೊಸ್ತಿಲ ಬಳಿ ನಿಂತು ಅಂಗಿಯ ಜೇಬಿನಿಂದ ಮಡಿಸಿಟ್ಟ ನೀಲಿ ಮಾಸ್ಕನ್ನು ತೆಗೆದರು. ಒಗೆದು ಒಗೆದು ಅದರ ಬಣ್ಣವೆಲ್ಲಾ ಹೋಗಿತ್ತು. ಒಂದು ಕಿವಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಎಟುಕದೆ ತಡವರಿಸುತ್ತಿದ್ದಾಗ ನಾನೇ ಸರಿಪಡಿಸಿದೆ. ಆ ಬಸ್ಸಿನ ಸಂಗತಿಯನ್ನು ಅವರಿಗೆ ಇನ್ನೂ ಹೇಳಿಲ್ಲ.