ಗುಂಟೆ ಲೆಕ್ಕ ಗೊತ್ತಿರುವವರು ಓದಬಲ್ಲ ಟೆಸ್ಟ್

ಕಡೂರು, ತರೀಕೆರೆ, ಅಜ್ಜಂಪುರದ ಯಾವ ಪಹಣಿ ತೆಗೆದು ನೋಡಿದರೂ ಜಮೀನಿನ ವಿಸ್ತೀರ್ಣ ಎಕರೆ-ಗುಂಟೆಯಲ್ಲೇ ಇರುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 1 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಕೂಡಿದರೆ 4 ಎಕರೆ 15 ಗುಂಟೆ ಎಂದು ಇಲ್ಲಿನ ರೈತರು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಇದನ್ನೇ 1.25, 2.30 ಎಂದು ಬರೆದಾಗ, ಚುಕ್ಕಿಯನ್ನು ದಶಮಾಂಶವೆಂದು ಓದುವ ಪ್ರೋಗ್ರಾಂ ಮಾತ್ರ 3.55 ಎನ್ನುತ್ತದೆ, ಯಾವ ದೋಷವನ್ನೂ ತೋರಿಸದೆ. ಕೋಡಿಗಿಂತ ಮೊದಲು ಟೆಸ್ಟ್ ಬರೆಯಬೇಕು ಎನ್ನುವುದಕ್ಕೆ ನಾನು ಕೊಡುವ ಕಾರಣ ಇದೇ: ಸರಿಯುತ್ತರ ಕೋಡಿನೊಳಗೆ ಇರುವುದಿಲ್ಲ, ಹೊರಗಿನ ಜನರ ತಿಳಿವಳಿಕೆಯಲ್ಲಿ ಇರುತ್ತದೆ. ಕೋಡ್ ಹುಟ್ಟುವ ಮುಂಚೆಯೇ ಅದನ್ನು ಬರೆದಿಟ್ಟುಕೊಳ್ಳಬೇಕು. ನಾವು ಕೋಡ್ ಬರೆಯುವ ಎಡಿಟರ್ ಈ ಕ್ರಮಕ್ಕೆ ನೆರವಾಗಬೇಕು. ಬಹಳಷ್ಟು ಸಲ ಅದು ಅಡ್ಡ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಅಡ್ಡಿ ಶುರುವಾಗುವುದು ಹೆಸರಿನಿಂದ. ಟೆಸ್ಟ್ ಮೊದಲು ಬರೆಯುವವರು ಇನ್ನೂ ಇಲ್ಲದ ಫಂಕ್ಷನ್ನನ್ನು ಕರೆಯುತ್ತಾರೆ. ಎಡಿಟರ್‌ಗೆ ಗೊತ್ತಿರುವುದು ಈಗಾಗಲೇ ಇರುವ ಹೆಸರುಗಳು ಮಾತ್ರ. ಹಾಗಾಗಿ ಹೊಸ ಹೆಸರಿಗೆ ಕೆಂಪು ಗೆರೆ ಎಳೆಯುತ್ತದೆ, ಇಲ್ಲವೇ ಅದನ್ನೇ ಹೋಲುವ ಹಳೆಯ ಹೆಸರನ್ನು ತಾನೇ ತುಂಬಿಬಿಡುತ್ತದೆ. ಪರಿಹಾರ ಹೊಸದೇನಲ್ಲ. 1997ರಲ್ಲಿ ಕೆಂಟ್ ಬೆಕ್ ಜೊತೆ ಜಾವಾ ಭಾಷೆಯ ಟೆಸ್ಟ್ ಸಾಧನ ಜೆಯುನಿಟ್ ಬರೆದ ಎರಿಕ್ ಗಾಮಾ ಅವರೇ ಮುಂದೆ ಎಕ್ಲಿಪ್ಸ್ ಎಂಬ ಎಡಿಟರ್‌ನ ಜಾವಾ ಭಾಗವನ್ನು ಮುನ್ನಡೆಸಿದರು. ಅಲ್ಲಿ ಕೆಂಪು ಗೆರೆಯ ಮೇಲೆ ನಿಂತು ಕೀಲಿ ಒತ್ತಿ ಪಟ್ಟಿಯಿಂದ ಆರಿಸಿದರೆ ಇಲ್ಲದ ಮೆಥಡ್ ಸೃಷ್ಟಿಯಾಗುತ್ತಿತ್ತು. 2010ರ ವಿಷುಯಲ್ ಸ್ಟುಡಿಯೋದಲ್ಲಿ, ಬಲವಂತವಾಗಿ ಹೆಸರು ತುಂಬದ ಒಂದು ಮೋಡ್ ಇದಕ್ಕಾಗಿಯೇ ಬಂತು. ಆದರೂ ಪೈಥಾನ್‌ನಂಥ ಭಾಷೆಗಳಲ್ಲಿ ಈ ಸೌಕರ್ಯ ಎಲ್ಲ ಎಡಿಟರ್‌ಗಳಲ್ಲೂ ಒಂದೇ ಸಮನಾಗಿ ಇಲ್ಲ.

ಇದಕ್ಕೆಲ್ಲ ಎಡಿಟರ್ ಯಾಕೆ, ಪಕ್ಕದ ಟರ್ಮಿನಲ್‌ನಲ್ಲಿ ಟೆಸ್ಟ್ ಓಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಓಡಿಸುವುದಕ್ಕೆ ಖಂಡಿತ ಸಾಕು. ಆದರೆ ಇಲ್ಲದ ಫಂಕ್ಷನ್ನನ್ನು ಟರ್ಮಿನಲ್ ಹುಟ್ಟಿಸಿಕೊಡುವುದಿಲ್ಲ, ಟೆಸ್ಟ್ ಬರೆಯುವಾಗ ಎಡಿಟರ್ ಒಡ್ಡುವ ಅಡ್ಡಿಯನ್ನು ತೆಗೆಯುವುದೂ ಇಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಈಗ ಕೃತಕ ಬುದ್ಧಿಮತ್ತೆಯೇ ಕೋಡನ್ನೂ ಟೆಸ್ಟನ್ನೂ ಬರೆಯುತ್ತದೆ, ಯಾವುದು ಮೊದಲಾದರೇನು? ಗುಂಟೆಯ ಲೆಕ್ಕವನ್ನೇ ಇಟ್ಟು ನೋಡಿ. ಕೋಡ್ 3.55 ಕೊಡುತ್ತಿದ್ದರೆ, ಆ ಕೋಡನ್ನು ಓದಿ ಹುಟ್ಟಿದ ಟೆಸ್ಟ್ ಕೂಡ 3.55 ಸರಿ ಎಂದೇ ಹೇಳಬಹುದು. ಎರಡೂ ಒಪ್ಪಿಕೊಂಡು ಹಸಿರು ಗುರುತು ಬೀಳುತ್ತದೆ. ಜಮೀನು ಮಾತ್ರ ಕಡಿಮೆಯಾಗಿರುತ್ತದೆ. ಆದ್ದರಿಂದ ಟೆಸ್ಟ್ ಫೈಲ್ ತೆರೆದಿರುವಾಗ ನಿರೀಕ್ಷಿತ ಉತ್ತರದ ಜಾಗವನ್ನು ಎಡಿಟರ್ ಖಾಲಿ ಬಿಡಬೇಕು, ಮನುಷ್ಯರೇ ತುಂಬಲಿ ಎಂದು ಕಾಯಬೇಕು. ಟೆಸ್ಟ್ ಒಮ್ಮೆಯಾದರೂ ಕೆಂಪಾದದ್ದನ್ನು, ಅಂದರೆ ವಿಫಲವಾದದ್ದನ್ನು, ದಾಖಲಿಸಬೇಕು. ವೇಗ ತುಸು ತಗ್ಗುತ್ತದೆ ನಿಜ, ಆ ಬೆಲೆ ತೆರಬಹುದಾದದ್ದೇ.

ಉತ್ತರ ತಿಳಿದಿರುವ ಸರ್ವೇಯರ್, ಗ್ರಾಮ ಆಡಳಿತಾಧಿಕಾರಿಗಳು ಟೆಸ್ಟನ್ನು ಓದಲೂ ಆಗಬೇಕಲ್ಲ. ಪೈಥಾನ್ 3ರಲ್ಲಿ ಕನ್ನಡದಲ್ಲೇ ಫಂಕ್ಷನ್ನಿನ ಹೆಸರಿಡಬಹುದು. ಆದರೆ ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಬಳಸುವ ಕಾಣದ ಅಕ್ಷರ ನಡುವೆ ಸೇರಿದರೆ ಪೈಥಾನ್ ದೋಷವೆನ್ನುತ್ತದೆ; ಕಣ್ಣಿಗೆ ಕಾಣದ್ದರಿಂದ ಹೊಸಬರು ಕಂಗಾಲಾಗುತ್ತಾರೆ. ಎಡಿಟರ್ ಆ ಜಾಗವನ್ನು ಗುರುತಿಸಿ ಕನ್ನಡದಲ್ಲೇ ಕಾರಣ ಹೇಳಬೇಕು. ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ನಲ್ಲಿ ಒಂದೇ ಟೆಸ್ಟಿಗೆ ಹಲವು ಊರುಗಳ ದತ್ತಾಂಶ ಕೊಟ್ಟರೆ, ಫಲಿತಾಂಶದ ಪಟ್ಟಿಯಲ್ಲಿ ಊರಿನ ಹೆಸರಿನ ಬದಲು ಯೂನಿಕೋಡ್ ಸಂಕೇತಗಳ ಸಾಲು ಬರುತ್ತದೆ. ಬದಲಿಸುವ ಆಯ್ಕೆ ಇದೆ, ಆದರೆ ಅದನ್ನು ಬಳಸಿದರೆ ಸಮುದಾಯದ ನೆರವು ಕೇಳಬೇಡಿ ಎಂದು ಆ ಆಯ್ಕೆಯ ಹೆಸರೇ ಎಚ್ಚರಿಸುತ್ತದೆ. ಊರಿನ ಹೆಸರೇ ಬೇಕೆನ್ನಲು ಕಾರಣವಿದೆ. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದಂಥ ಬದಲಾವಣೆಯಲ್ಲಿ, ಯಾವ ಹಳ್ಳಿ ಯಾವ ತಾಲ್ಲೂಕಿನಡಿ ಬರಬೇಕೆಂದು ಹೇಳಬಲ್ಲವರು ಕಂದಾಯದವರು. ಕೆಂಪಾದ ಸಾಲಿನಲ್ಲಿ ಅವರಿಗೆ ತಮ್ಮ ಹಳ್ಳಿಯ ಹೆಸರು ಕಾಣಬೇಕು. ಎಡಿಟರ್‌ಗೆ ವಿಸ್ತರಣೆಗಳನ್ನು ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರು ಮೊದಲು ಇದನ್ನು ಕೈಗೆತ್ತಿಕೊಳ್ಳಲಿ.