ಪಾಠ: ಬ್ಯಾಟರಿ ಗಾಡಿಗೆ ಚಾರ್ಜಿಂಗ್ – ಸಂಘಕ್ಕೆ ಸಂಪಾದನೆಯೋ, ಸಾಲವೋ?



ಇತ್ತೀಚೆಗೆ ಸಂಘದ ಸಭೆಗಳಲ್ಲಿ ಒಂದು ಹೊಸ ಪ್ರಶ್ನೆ ಬರುತ್ತಿದೆ. "ರೋಡ್ ಬದೀಲಿ ನಮ್ ಜಾಗ ಅದ, ಬ್ಯಾಟ್ರಿ ಗಾಡಿಗೆ ಚಾರ್ಜ್ ಹಾಕೋ ಅಂಗ್ಡಿ ಮಾಡುದ್ರ ಹೆಂಗ?" ಪ್ರಶ್ನೆ ಒಳ್ಳೆಯದೇ. ಮಧುವನಹಳ್ಳಿ ಇರುವುದು ಕೊಳ್ಳೇಗಾಲದಿಂದ ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಈ ದಾರಿಯಲ್ಲಿ ಗಾಡಿಗಳ ಸಾಲು. ಆದರೆ ಗಾಡಿ ಓಡಾಡುವುದು ಬೇರೆ, ನಮ್ಮ ಬಾಗಿಲಲ್ಲಿ ನಿಲ್ಲುವುದು ಬೇರೆ. ಸಂಘದ ಉಳಿತಾಯದ ಹಣ ಹಾಕುವ ಮೊದಲು ತಿಳಿಯಬೇಕಾದ ವಿಷಯಗಳನ್ನು ಈ ಪಾಠದಲ್ಲಿ ನೋಡೋಣ.

1. ಲೈಸೆನ್ಸ್ ಬೇಕೇ?

ಬೇಡ. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದು ಕರೆಂಟು ಮಾರಾಟ ಅಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ. ಸುರಕ್ಷತೆಯ ಮತ್ತು ತಾಂತ್ರಿಕ ನಿಯಮ ಪಾಲಿಸಿದರೆ ಯಾರು ಬೇಕಾದರೂ ಮಾಡಬಹುದು. ಆದ್ದರಿಂದ "ಲೈಸೆನ್ಸ್ ಕೊಡಿಸ್ತೀವಿ" ಎಂದು ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

2. ಯಾವ ಮೀಟರಿನಿಂದ?

ಇಲ್ಲೇ ಹೆಚ್ಚು ಜನ ಎಡವುವುದು. ಮನೆಯಲ್ಲಿ ಗೃಹಜ್ಯೋತಿ ಇದೆ, 200 ಯೂನಿಟ್‌ವರೆಗೆ ಬಿಟ್ಟಿ, ಅದರಿಂದಲೇ ಹಾಕೋಣ ಅನ್ನಿಸುವುದು ಸಹಜ. ಹಾಗೆ ಮಾಡಬಾರದು. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಒಂದು ಉದ್ದೇಶಕ್ಕೆ ಪಡೆದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಹಾಕುತ್ತಾರೆ. ಎಂದಿನಿಂದ ಬಳಸಿದಿರಿ ಎಂದು ಗೊತ್ತಾಗದಿದ್ದರೆ ಹನ್ನೆರಡು ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ. ಜಮೀನಿನ ಪಂಪ್‌ಸೆಟ್ಟಿನ ಕರೆಂಟಿಗೂ ಇದೇ ಮಾತು.

ಸರಿಯಾದ ದಾರಿ ಎಂದರೆ ಸೆಸ್ಕ್ ಕಚೇರಿಯಲ್ಲಿ (ನಾವು ಈಗಲೂ ಕೆ.ಇ.ಬಿ. ಅಂತೀವಲ್ಲ, ಅದೇ) ವಾಹನ ಚಾರ್ಜಿಂಗಿಗೆ ಎಂದು ಪ್ರತ್ಯೇಕ ಮೀಟರಿಗೆ ಅರ್ಜಿ ಕೊಡುವುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದಕ್ಕೆ ಬೇರೆಯದೇ ದರ ಇಟ್ಟಿದೆ. ಯೂನಿಟ್ ದರ ಎಷ್ಟು, ತಿಂಗಳ ನಿಗದಿತ ಶುಲ್ಕ ಎಷ್ಟು, ಠೇವಣಿ ಎಷ್ಟು – ಈ ಮೂರನ್ನೂ ಬರೆಸಿಕೊಂಡು ಬನ್ನಿ. ಗಿರಾಕಿ ಬಾರದ ತಿಂಗಳೂ ನಿಗದಿತ ಶುಲ್ಕ ಕಟ್ಟಬೇಕು ಎಂಬುದನ್ನು ಮರೆಯಬೇಡಿ.

3. ಯಾವ ಗಾಡಿಗೆ ಎಷ್ಟು ಕರೆಂಟು?

ಸ್ಕೂಟರಿನ ಬ್ಯಾಟರಿ ತುಂಬಲು ಸಾಮಾನ್ಯವಾಗಿ 2ರಿಂದ 4 ಯೂನಿಟ್ ಬೇಕು. ಪ್ರಯಾಣಿಕರ ಆಟೋಗೆ 7ರಿಂದ 10 ಯೂನಿಟ್. ಕಾರಿಗೆ 20ರಿಂದ 40, ಕೆಲವಕ್ಕೆ ಇನ್ನೂ ಹೆಚ್ಚು. ನಮ್ಮ ಮನೆಯ ಗೀಸರಿಗೆ ಇರುವಂಥ ದೊಡ್ಡ ಮೂರು ಕಡ್ಡಿಯ ಸಾಕೆಟ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ಸ್ಕೂಟರಿಗೆ, ಆಟೋಗೆ ಅದೇ ಸಾಕು. ಆದರೆ ಹೆಚ್ಚಿನ ಸ್ಕೂಟರಿನವರು ತಮ್ಮ ಚಾರ್ಜರ್ ತಾವೇ ತರಬೇಕಾಗುತ್ತದೆ. ಕಾರಿಗೆ ಬೇಗ ಚಾರ್ಜ್ ಮಾಡುವ ಯಂತ್ರ ಬೇರೆ, ಅದರ ಬೆಲೆ ಲಕ್ಷಗಳಲ್ಲಿ.

4. ದೊಡ್ಡ ಯಂತ್ರದ ಲೆಕ್ಕ

6 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 12 ಬಡ್ಡಿ, 5 ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಅಸಲು ತಿಂಗಳಿಗೆ 10,000, ಮೊದಲ ತಿಂಗಳ ಬಡ್ಡಿ 6,000, ಒಟ್ಟು 16,000 ರೂ. ಯೂನಿಟ್‌ಗೆ 8 ರೂ. ಉಳಿದರೂ ತಿಂಗಳಿಗೆ 2,000 ಯೂನಿಟ್, ಅಂದರೆ ದಿನಕ್ಕೆ ಸುಮಾರು 67 ಯೂನಿಟ್ ಹೋಗಬೇಕು. ಒಂದು ಕಾರು 22 ಯೂನಿಟ್ ತುಂಬಿಸಿಕೊಂಡರೆ ದಿನಕ್ಕೆ ಮೂರು ಕಾರು. ಅಮಾವಾಸ್ಯೆ ದಿನ ಹತ್ತು ಬರಬಹುದು. ಮಾರನೇ ಮಂಗಳವಾರ, ಬುಧವಾರ? ತಿಂಗಳ ಮೂವತ್ತು ದಿನವೂ ಮೂರು ಕಾರು ಬಂದರೆ ಕಂತು ಮಾತ್ರ ತೀರುತ್ತದೆ. ನಿಗದಿತ ಶುಲ್ಕ, ರಿಪೇರಿ, ನೋಡಿಕೊಳ್ಳುವವರ ಕೂಲಿ ಇನ್ನೂ ಉಳಿದಿದೆ. ಕಂತು ತಪ್ಪಿದರೆ ಸಂಘದ ಎಲ್ಲರ ಹೆಸರೂ ಬ್ಯಾಂಕಿನಲ್ಲಿ ಕೆಡುತ್ತದೆ. ಮಗಳ ಫೀಸಿಗೆ, ಹಸುವಿಗೆ ಸಾಲ ಬೇಕಾದ ಸದಸ್ಯೆಗೂ ಬಾಗಿಲು ಮುಚ್ಚುತ್ತದೆ.

5. ಸಣ್ಣದರ ಲೆಕ್ಕ

ಈಗ ಎರಡು ಸಾಕೆಟ್, ಮೇಲೊಂದು ಶೀಟು, ವೈರಿಂಗ್, ಠೇವಣಿ ಎಲ್ಲ ಸೇರಿ 36,000 ರೂ. ಎಂದುಕೊಳ್ಳಿ. ಸಂಘದ ಆಂತರಿಕ ಸಾಲ, ತಿಂಗಳಿಗೆ ನೂರಕ್ಕೆ 1 ಬಡ್ಡಿ, 36 ಕಂತು. ಮೊದಲ ಕಂತು 1,000 ಅಸಲು, 360 ಬಡ್ಡಿ.

ದಿನಕ್ಕೆ ನಾಲ್ಕು ಆಟೋ, ಒಂದೊಂದಕ್ಕೆ 6 ಯೂನಿಟ್, ಯೂನಿಟ್‌ಗೆ 4 ರೂ. ಉಳಿತಾಯ ಎಂದರೆ ದಿನಕ್ಕೆ 96 ರೂ. 26 ದಿನಕ್ಕೆ 2,496 ರೂ. ಕಂತು ಕಳೆದರೆ 1,136. ನಿಗದಿತ ಶುಲ್ಕ ಕಳೆದರೆ ಅದಕ್ಕೂ ಕಡಿಮೆ. ನಾಲ್ಕು ಆಟೋ ಬಂದರೆ ಮಾತ್ರ ಈ ಲೆಕ್ಕ.

ನೋಡಿ, ಬರೀ ಚಾರ್ಜಿಂಗ್‌ನಿಂದ ಸಂಸಾರ ನಡೆಯುವುದಿಲ್ಲ. ಅದು ಊಟವಲ್ಲ, ಊಟದ ಜೊತೆಗಿನ ಉಪ್ಪಿನಕಾಯಿ. ಆದರೆ ಆಟೋಗೆ 6 ಯೂನಿಟ್ ತುಂಬಲು ಎರಡು ಗಂಟೆ ಬೇಕಲ್ಲ, ಆ ಎರಡು ಗಂಟೆ ಡ್ರೈವರಣ್ಣ ಎಲ್ಲಿ ಕೂರುತ್ತಾನೆ? ಟೀ, ಇಡ್ಲಿ, ಮಜ್ಜಿಗೆ, ನೆರಳು, ಕುಡಿಯುವ ನೀರು, ಹೆಂಗಸರಿಗೆ ಚೊಕ್ಕ ಶೌಚಾಲಯ – ಇವಿದ್ದರೆ ಸಂಪಾದನೆ ಅಲ್ಲಿದೆ. ಆದ್ದರಿಂದ ಈಗಾಗಲೇ ರಸ್ತೆ ಬದಿಯಲ್ಲಿ ಹೋಟೆಲ್, ಟೈಲರಿಂಗ್, ಪೆಟ್ಟಿಗೆ ಅಂಗಡಿ ನಡೆಸುತ್ತಿರುವ ಸದಸ್ಯೆಗೆ ಇದು ಹೊಂದುತ್ತದೆ. ಖಾಲಿ ಜಾಗದಲ್ಲಿ ಇದೊಂದನ್ನೇ ಹೊಸದಾಗಿ ಶುರು ಮಾಡುವವರಿಗೆ ಕಷ್ಟ.

6. ಮೊದಲು ಎಣಿಸಿ

ವಿದ್ಯುತ್ ವಾಹನಗಳಿಗೆ ಹಸಿರು ನಂಬರ್ ಪ್ಲೇಟ್ ಇರುತ್ತದೆ. ಸ್ವಂತ ಗಾಡಿಗೆ ಬಿಳಿ ಅಕ್ಷರ, ಬಾಡಿಗೆ ಗಾಡಿಗೆ ಹಳದಿ ಅಕ್ಷರ. ಗಂಟೆಗೆ 25 ಕಿ.ಮೀ. ಮೀರದ ಸಣ್ಣ ಸ್ಕೂಟರಿಗೆ ಮಾತ್ರ ನೋಂದಣಿ ಬೇಕಿಲ್ಲ. ಇಬ್ಬರು ಸದಸ್ಯೆಯರು ಸರದಿಯ ಮೇಲೆ ಏಳು ದಿನ ರಸ್ತೆಯಲ್ಲಿ ಕೂತು ಹಸಿರು ಪ್ಲೇಟ್ ಎಣಿಸಿ ಪುಸ್ತಕದಲ್ಲಿ ಬರೆಯಲಿ. ಅದರಲ್ಲಿ ಒಂದು ಅಮಾವಾಸ್ಯೆ ದಿನವೂ ಇರಲಿ.

ಎಣಿಸಿದ ಮೇಲೆ ಆಟೋ ನಿಲ್ದಾಣಕ್ಕೆ ಹೋಗಿ ಡ್ರೈವರುಗಳನ್ನು ಕೇಳಿ: "ರಾತ್ರಿ ಎಲ್ಲಿ ಚಾರ್ಜ್ ಹಾಕ್ತೀರಿ? ಮಧ್ಯಾಹ್ನ ಸಾಲದೇ ಬರುತ್ತಾ?" ಊರಿನ ಸ್ಕೂಟರಿನವರು ಮನೆಯಲ್ಲೇ ಹಾಕಿಕೊಳ್ಳುತ್ತಾರೆ, ನಮ್ಮ ಹತ್ತಿರ ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದಿಲ್ಲ. ನಮ್ಮ ಗಿರಾಕಿ ಎಂದರೆ ನಡುದಾರಿಯಲ್ಲಿ ಚಾರ್ಜ್ ಸಾಲದೆ ಬಂದವರು. ಕೇರಳದ ವಿದ್ಯುತ್ ಮಂಡಳಿ 2021ರಲ್ಲಿ ಕೋಳಿಕ್ಕೋಡ್‌ನಲ್ಲಿ ಆಟೋಗಳಿಗೆಂದು ಕರೆಂಟು ಕಂಬಕ್ಕೇ ಚಾರ್ಜಿಂಗ್ ಪೆಟ್ಟಿಗೆ ಕಟ್ಟಿ ಪ್ರಯೋಗ ಶುರು ಮಾಡಿತು. ಅಲ್ಲೂ ಮೊದಲು ನೋಡಿದ್ದು ಆಟೋ ಇರುವ ಊರನ್ನು.

7. ಜೀವಕ್ಕಿಂತ ದುಡ್ಡು ದೊಡ್ಡದಲ್ಲ

2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ, ಕೆಳಗೆ ವಿದ್ಯುತ್ ಸ್ಕೂಟರ್ ಶೋರೂಂ, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಬೆಂಕಿ ಬಿದ್ದು 8 ಜನ ತೀರಿಕೊಂಡರು. ಆದ್ದರಿಂದ:

• ಜನ ಮಲಗುವ ಕೋಣೆಯ ಕೆಳಗೆ, ಪಕ್ಕದಲ್ಲಿ ಚಾರ್ಜಿಂಗ್ ಬೇಡ. ಗಾಳಿಯಾಡುವ ತೆರೆದ ಜಾಗ ಇರಲಿ, ಮೇಲೆ ಮಳೆ ಬೀಳದಿರಲಿ.
• ಸರಿಯಾದ ಅರ್ತಿಂಗ್ ಮತ್ತು ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚು ಕಡ್ಡಾಯ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಿ.
• ಎಕ್ಸ್‌ಟೆನ್ಷನ್ ವೈರು, ಜೋಡಿಸಿ ಟೇಪ್ ಸುತ್ತಿದ ವೈರು ಬೇಡ.
• ಉಬ್ಬಿದ, ನೀರಲ್ಲಿ ನೆಂದ, ಸುಟ್ಟ ವಾಸನೆ ಬರುವ ಬ್ಯಾಟರಿಗೆ "ಆಗಲ್ಲ ಅಣ್ಣ" ಎಂದು ಹೇಳಿ ಕಳಿಸಿ.
• ಒಣ ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

8. ಹಣ ಎಲ್ಲಿಂದ?

ಮೊದಲು ಸಂಘದ ಆಂತರಿಕ ಸಾಲ. ಸಾಲದಿದ್ದರೆ ಬ್ಯಾಂಕಿನಲ್ಲಿ 50,000 ರೂ.ವರೆಗಿನ ಮುದ್ರಾ ಶಿಶು ಸಾಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಬಗ್ಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. "ನಮ್ಮ ಕಂಪನಿ ಯಂತ್ರ ಹಾಕಿಸಿ, ತಿಂಗಳಿಗೆ ಇಷ್ಟು ಸಾವಿರ ಗ್ಯಾರಂಟಿ" ಎಂದು ಬರುವವರ ಕಾಗದಕ್ಕೆ ಸಭೆಯಲ್ಲಿ ಓದಿಸದೆ ಸಹಿ ಹಾಕಬೇಡಿ. ಗಾಡಿ ಬಾರದಿದ್ದರೆ ನಷ್ಟ ಯಾರದು ಎಂದು ಕೇಳಿ. ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಕೊಡಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ರಸ್ತೆ ಬದಿ ಅಂಗಡಿ ಇರುವವರು ಯಾರು?
2. ಹಸಿರು ಪ್ಲೇಟ್ ಎಣಿಸುವ ಸರದಿ ಯಾರ್‍ಯಾರದು?
3. ಸೆಸ್ಕ್ ಕಚೇರಿಗೆ ಹೋಗಿ ದರ ಬರೆಸಿಕೊಂಡು ಬರುವ ಇಬ್ಬರು ಯಾರು?
4. ಆರು ತಿಂಗಳು ಒಂದು ಆಟೋವೂ ಬಾರದಿದ್ದರೆ ಕಂತನ್ನು ಯಾವ ಆದಾಯದಿಂದ ಕಟ್ಟುತ್ತೇವೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಾಲದ ಠರಾವು ಬರೆಯಬೇಡಿ. ಉತ್ತರ ಸಿಕ್ಕರೆ ಧೈರ್ಯವಾಗಿ ಎರಡು ಸಾಕೆಟ್‌ನಿಂದ ಶುರು ಮಾಡಿ. ಗಾಡಿ ಹೆಚ್ಚಾದ ಹಾಗೆ ಮೂರನೆಯದು, ನಾಲ್ಕನೆಯದು ಹಾಕಿಸಿದರಾಯಿತು.